ವಜ್ರ, ಗ್ರಾಫೈಟ್ ಬಿಟ್ಟರೆ ಬಹುರೂಪತೆಗೆ ಮನೆಯಲ್ಲೇ ಸಿಗುವ ಉದಾಹರಣೆಗಳು ಯಾವುವು?

ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯಲ್ಲಿ ಕಾರ್ಬನ್‌ನ ಪಾಠ ಮಾಡುವಾಗ ಬಹುರೂಪತೆಯ (ಒಂದೇ ಧಾತು ಬೇರೆ ಬೇರೆ ರೂಪಗಳಲ್ಲಿ ಇರುವ ಗುಣದ) ಭಾಗ ಬೇಗ ಮುಗಿದುಹೋಗುತ್ತದೆ. ವಜ್ರ ಅತ್ಯಂತ ಗಟ್ಟಿ, ಗ್ರಾಫೈಟ್ ಮೃದು ಹಾಗೂ ವಿದ್ಯುತ್ ವಾಹಕ, ಫುಲ್ಲರೀನ್‌ನಲ್ಲಿ ಅರವತ್ತು ಪರಮಾಣುಗಳು ಎಂಬಷ್ಟನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಬಿಡುತ್ತಾರೆ. ಇದು ಕಾರ್ಬನ್ ಒಂದಕ್ಕೇ ಇರುವ ವಿಶೇಷ ಗುಣವೆಂಬ ಭಾವನೆ ಅವರಲ್ಲಿ ಉಳಿದುಬಿಡುತ್ತದೆ. ಒಂದೇ ಧಾತು ಬೇರೆ ಬೇರೆ ರೂಪದಲ್ಲಿ ಇರುವುದರಿಂದಲೇ ನಡೆಯುವ ಕೆಲಸಗಳು ನಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ, ಗ್ಯಾರೇಜಿನಲ್ಲಿ ಇದ್ದರೆ ಅವನ್ನು ತರಗತಿಗೆ ತರಬೇಕೆಂಬುದು ನನ್ನ ಆಸೆ.

ಇದರ ಜೊತೆಗೆ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಇಡುತ್ತಿದ್ದೇನೆ. ವಜ್ರಕ್ಕಿಂತ ಗ್ರಾಫೈಟ್ ಹೆಚ್ಚು ಸ್ಥಿರವಾದ ರೂಪ ಎಂದು ಹೇಳಿದಾಗ, ಹಾಗಿದ್ದರೆ ಅಜ್ಜಿಯ ಮೂಗುತಿಯಲ್ಲಿರುವ ವಜ್ರ ಇಷ್ಟು ವರ್ಷಗಳಲ್ಲಿ ಪೆನ್ಸಿಲಿನ ಕಡ್ಡಿಯಂತೆ ಕಪ್ಪಾಗದೆ ಏಕೆ ಉಳಿದಿದೆ ಎಂದು ಆಕೆ ಕೇಳಿದಳು. ಹದಿನೈದು ವರ್ಷದ ಮಕ್ಕಳಿಗೆ ಅರ್ಥವಾಗುವಂತೆ ಇದನ್ನು ಹೇಗೆ ವಿವರಿಸಬಹುದು?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ:

ಮೇಡಂ, ನಿಮ್ಮ ವಿದ್ಯಾರ್ಥಿನಿ ವಿಷಯದ ತಿರುಳಿಗೇ ಕೈ ಹಾಕಿದ್ದಾಳೆ. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ನೀವು ಕೇಳಿದ ಉದಾಹರಣೆಗಳೆಲ್ಲ ತಾವಾಗಿಯೇ ಒಂದು ದಾರಕ್ಕೆ ಪೋಣಿಸಿಕೊಳ್ಳುತ್ತವೆ.

ಇಂಗ್ಲೆಂಡಿನ ರಸಾಯನಜ್ಞ ಸ್ಮಿತ್ಸನ್ ಟೆನೆಂಟ್ 1797ರಲ್ಲಿ ವಜ್ರವನ್ನು ಸುಟ್ಟು, ಅಷ್ಟೇ ತೂಕದ ಇದ್ದಿಲನ್ನು ಸುಟ್ಟಾಗ ಬರುವಷ್ಟೇ ಇಂಗಾಲದ ಡೈಆಕ್ಸೈಡ್ ಬರುವುದನ್ನು ತೋರಿಸಿದ. ಎರಡೂ ಒಂದೇ ಧಾತು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ವಜ್ರದಲ್ಲಿ ಪ್ರತಿಯೊಂದು ಪರಮಾಣುವಿಗೂ ಸುತ್ತ ನಾಲ್ಕು ನೆರೆಯ ಪರಮಾಣುಗಳೊಂದಿಗೆ ಗಟ್ಟಿ ಬಂಧವಿದೆ. ಗ್ರಾಫೈಟಿನಲ್ಲಿ ಒಂದು ಹಾಳೆಯೊಳಗೆ ಮೂರು ಬಂಧಗಳಿದ್ದು, ಹಾಳೆಗಳ ನಡುವಿನ ಹಿಡಿತ ಮಾತ್ರ ಬಹಳ ದುರ್ಬಲ. ಹನ್ನೆರಡು ಗ್ರಾಂ ವಜ್ರ ಗ್ರಾಫೈಟಾಗಿ ಬದಲಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.9 ಕಿಲೋಜೂಲ್ ಅಷ್ಟೇ. ಆದರೆ ಆ ಬದಲಾವಣೆ ನಡೆಯಬೇಕಾದರೆ ಮೊದಲು ಇರುವ ಬಂಧಗಳು ಮುರಿಯಬೇಕು, ಅದಕ್ಕೆ ಬೇಕಾದ ಶಕ್ತಿ ಇದರ ನೂರಾರು ಪಟ್ಟು. ಕೆರೆಯ ನೀರಿಗೆ ತಗ್ಗಿಗೆ ಹರಿಯುವ ಒಲವು ಎಷ್ಟೇ ಇದ್ದರೂ ಏರಿ ಗಟ್ಟಿಯಾಗಿರುವ ತನಕ ಅದು ಇದ್ದಲ್ಲೇ ಇರುತ್ತದೆ, ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು. ಗಾಳಿಯಿಲ್ಲದ ಕಡೆ 1500 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿದರೆ ವಜ್ರವೂ ಗ್ರಾಫೈಟಾಗುತ್ತದೆ. ಮೂಗುತಿಗೆ ಆ ಭಯವಿಲ್ಲ.

ಇನ್ನು ಉದಾಹರಣೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಬೆಂಕಿಪೊಟ್ಟಣ. ಅದರ ಪಕ್ಕದಲ್ಲಿರುವ ಕಂದು ಪಟ್ಟಿಯಲ್ಲಿ ಸುಮಾರು ಅರ್ಧದಷ್ಟು ಕೆಂಪು ರಂಜಕ (ಫಾಸ್ಫರಸ್) ಇದೆ, ಉಳಿದದ್ದು ಗಾಜಿನ ಪುಡಿ, ಅಂಟು ಮುಂತಾದವು. ಕಡ್ಡಿಯ ತುದಿಯ ಮದ್ದಿನಲ್ಲಿ ರಂಜಕವೇ ಇಲ್ಲ, ಅಲ್ಲಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್, ಅದರ ಜೊತೆ ಸ್ವಲ್ಪ ಗಂಧಕ. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಯೂರೋಪಿನಲ್ಲಿ ಬಿಳಿ ರಂಜಕವನ್ನೇ ಕಡ್ಡಿಯ ತುದಿಗೆ ಹಚ್ಚುತ್ತಿದ್ದರು. ಬಿಳಿ ರಂಜಕದಲ್ಲಿ ನಾಲ್ಕು ಪರಮಾಣುಗಳು ಸೇರಿ ಒಂದು ಪುಟ್ಟ ಅಣುವಾಗಿವೆ, ಅದರೊಳಗಿನ ಬಂಧಗಳು ಇಕ್ಕಟ್ಟಿನಲ್ಲಿ ಬಾಗಿವೆ. ಆ ಒತ್ತಡದಿಂದಾಗಿ ತೇವಭರಿತ ಗಾಳಿಯಲ್ಲಿ ಮೂವತ್ತು ಡಿಗ್ರಿಯ ಆಸುಪಾಸಿನಲ್ಲೇ ಅದು ಹೊತ್ತಿಕೊಳ್ಳುತ್ತದೆ, ಹಾಗಾಗಿ ಅದನ್ನು ನೀರಿನೊಳಗೆ ಇಡುತ್ತಾರೆ. ಅದರ ಹೊಗೆಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ದವಡೆಯ ಮೂಳೆ ಕೊಳೆತು ಉದುರುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹೆಣ್ಣುಮಕ್ಕಳು ನಡೆಸಿದ ಮುಷ್ಕರದ ಹಿನ್ನೆಲೆಯಲ್ಲಿ ಈ ಕಾಯಿಲೆಯೂ ಇತ್ತು.

ವಿಯೆನ್ನಾದ ಆಂಟನ್ ಶ್ರೋಟರ್ 1840ರ ದಶಕದಲ್ಲಿ, ಬಿಳಿ ರಂಜಕವನ್ನು ಗಾಳಿ ಸೋಕದಂತೆ 250 ಡಿಗ್ರಿಯ ಸುಮಾರಿಗೆ ಕಾಯಿಸಿದರೆ ಅದು ಕೆಂಪು ಪುಡಿಯಾಗುತ್ತದೆ ಎಂದೂ ಆ ಪುಡಿ ಬೇರೆ ವಸ್ತುವಲ್ಲ, ರಂಜಕದ್ದೇ ಇನ್ನೊಂದು ರೂಪ ಎಂದೂ ತೋರಿಸಿದರು. ಆ ರೂಪದಲ್ಲಿ ಪುಟ್ಟ ಅಣುಗಳು ತೆರೆದುಕೊಂಡು ಒಂದಕ್ಕೊಂದು ಸರಪಳಿಯಾಗಿ ಬೆಸೆದಿರುತ್ತವೆ. ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಬಿಳಿ ರಂಜಕದಂತೆ ವಿಷವೂ ಅಲ್ಲ. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ರಂಜಕವನ್ನು ಕಡ್ಡಿಯಿಂದ ಬೇರ್ಪಡಿಸಿ ಪಟ್ಟಿಗೆ ಹಚ್ಚುವ ಉಪಾಯಕ್ಕೆ ಹಕ್ಕುಪತ್ರ (ಪೇಟೆಂಟ್) ಪಡೆದರು, ಮುಂದೆ ಯೋನ್‌ಶೋಪಿಂಗ್ ಪಟ್ಟಣದ ಲುಂಡ್‌ಸ್ಟ್ರೋಮ್ ಸಹೋದರರು ಅದನ್ನು ಉದ್ಯಮವಾಗಿ ಬೆಳೆಸಿದರು. ಹಲವು ದೇಶಗಳು ಸೇರಿ ಮಾಡಿಕೊಂಡ 1906ರ ಬರ್ನ್ ಒಪ್ಪಂದ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿತು, ಭಾರತದಲ್ಲಿ 1913ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಬಂತು. ಇವತ್ತು ಶಿವಕಾಶಿಯಿಂದ ಬರುವ ಪ್ರತಿಯೊಂದು ಪೊಟ್ಟಣವೂ ಧಾತುವನ್ನು ಬದಲಿಸದೆ ರೂಪವನ್ನಷ್ಟೇ ಬದಲಿಸಿದ್ದರಿಂದ ಉಳಿದ ಜೀವಗಳ ದಾಖಲೆ ಎಂದೇ ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್:

ಸರ್, ಬಹಳ ಉಪಯುಕ್ತವಾದ ವಿವರಣೆ. ಒಂದು ಸಂದೇಹವಿದೆ. ಕಡ್ಡಿ ಗೀರಿದಾಗ ಉಜ್ಜಿದ ಬಿಸಿಗೆ ಪಟ್ಟಿಯ ಕೆಂಪು ರಂಜಕದಲ್ಲಿ ಒಂದಿಷ್ಟು ಬಿಳಿಯಾಗಿ ಬದಲಾಗಿ ಹೊತ್ತಿಕೊಳ್ಳುತ್ತದೆ ಎಂದು ಅನೇಕ ಪುಸ್ತಕಗಳು ಹೇಳುತ್ತವೆ. ಕೆಂಪು ರಂಜಕ ಮತ್ತು ಪೊಟ್ಯಾಸಿಯಂ ಕ್ಲೋರೇಟ್ ಒಂದಕ್ಕೊಂದು ತಾಗಿ ಉಜ್ಜಿದರೇ ಸಾಕು, ಅವೆರಡರ ಮಿಶ್ರಣವೇ ಅತ್ಯಂತ ಸೂಕ್ಷ್ಮವಾದದ್ದು ಎಂದೂ ಓದಿದ್ದೇನೆ. ಇವುಗಳಲ್ಲಿ ಯಾವುದು ಸರಿ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ:

ಎರಡೂ ವಿವರಣೆಗಳು ಚಾಲ್ತಿಯಲ್ಲಿವೆ, ಶಾಲೆಯ ಮಟ್ಟಕ್ಕೆ ಮೊದಲನೆಯದನ್ನು ಹೇಳುವ ರೂಢಿಯಿದೆ. ಆದರೆ ಎರಡನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೆಂಪು ರಂಜಕ ಒಂಟಿಯಾಗಿರುವಾಗ ಸಾಧು, ಕ್ಲೋರೇಟ್ ಜೊತೆ ಸೇರಿದರೆ ಅಲ್ಪ ಘರ್ಷಣೆಗೂ ಸಿಡಿಯುತ್ತದೆ. ಆದ್ದರಿಂದ ಶಿಕ್ಷಕರೆಲ್ಲರಲ್ಲಿ ನನ್ನ ಕಳಕಳಿಯ ವಿನಂತಿ: ಪಟ್ಟಿಯ ಪುಡಿಯನ್ನೂ ಕಡ್ಡಿಯ ಮದ್ದನ್ನೂ ಕೆರೆದು ಒಟ್ಟಿಗೆ ಅರೆಯುವ ಪ್ರಯೋಗವನ್ನು ಯಾವ ಕಾರಣಕ್ಕೂ ಮಾಡಬೇಡಿ, ಮಕ್ಕಳಿಗೆ ಅಂಥ ಯೋಚನೆ ಬರುವಂತೆಯೂ ಹೇಳಬೇಡಿ. ಪೊಟ್ಟಣದ ಕಡ್ಡಿಯನ್ನು ಒರಟು ಗೋಡೆಗೆ ಗೀರಿದರೆ ಹತ್ತುವುದಿಲ್ಲ, ಪಟ್ಟಿಗೆ ಗೀರಿದರೆ ಹತ್ತುತ್ತದೆ ಎಂಬುದನ್ನು ಶಿಕ್ಷಕರೇ ತೋರಿಸಿದರೆ ಪಾಠಕ್ಕೆ ಅಷ್ಟು ಸಾಕು.

ಉಕ್ಕಿನ ಉಷ್ಣ ಸಂಸ್ಕರಣೆಯಲ್ಲಿ ಕೆಲಸ ಮಾಡಿದವನು, ಭದ್ರಾವತಿ:

ಮೇಡಂ, ಕಬ್ಬಿಣವನ್ನು ಈ ಪಟ್ಟಿಯಲ್ಲಿ ಯಾರೂ ಸೇರಿಸದಿರುವುದು ನನಗೆ ಬೇಸರ ತರುತ್ತದೆ, ಏಕೆಂದರೆ ಬಹುರೂಪತೆಯಿಂದ ಮನುಷ್ಯನಿಗೆ ಆಗಿರುವ ಉಪಕಾರಗಳಲ್ಲಿ ದೊಡ್ಡದು ಕಬ್ಬಿಣದ್ದೇ. ಶುದ್ಧ ಕಬ್ಬಿಣದ ಪರಮಾಣುಗಳು 912 ಡಿಗ್ರಿಯವರೆಗೆ ಒಂದು ಜೋಡಣೆಯಲ್ಲಿರುತ್ತವೆ, ಅದನ್ನು ಆಲ್ಫಾ ಎನ್ನುತ್ತೇವೆ. ಅಲ್ಲಿಂದ 1394 ಡಿಗ್ರಿಯವರೆಗೆ ಗಾಮಾ ಎಂಬ ಇನ್ನೊಂದು ಜೋಡಣೆ, ಮತ್ತೆ 1538 ಡಿಗ್ರಿಗೆ ಕರಗುವ ತನಕ ಡೆಲ್ಟಾ. ಗಾಮಾದಲ್ಲಿ ಪರಮಾಣುಗಳು ಇನ್ನೂ ಒತ್ತಾಗಿ ಕೂರುತ್ತವೆ, ಆದರೂ ಅವುಗಳ ನಡುವೆ ಉಳಿಯುವ ಖಾಲಿ ಜಾಗಗಳಲ್ಲಿ ಕೆಲವು ಆಲ್ಫಾದ ಜಾಗಗಳಿಗಿಂತ ದೊಡ್ಡವು. ಹಾಗಾಗಿ ಗಾಮಾ ರೂಪ ತೂಕದಲ್ಲಿ ಶೇಕಡಾ 2ರಷ್ಟು ಇಂಗಾಲವನ್ನು ಒಳಗೆ ಹಿಡಿದಿಡಬಲ್ಲದು, ಆಲ್ಫಾ ರೂಪ ಹಿಡಿಯುವುದು ಹೆಚ್ಚೆಂದರೆ ಶೇಕಡಾ 0.02.

ಊರಿನ ಕಮ್ಮಾರರು ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಮಚ್ಚು, ಕುಡುಗೋಲು ಮಾಡುವುದನ್ನು ನಿಮ್ಮ ಮಕ್ಕಳು ನೋಡಿರಬಹುದು. ಆ ಪಟ್ಟಿಯ ಉಕ್ಕಿನಲ್ಲಿ ಸುಮಾರು ಅರ್ಧ ಶೇಕಡಾ ಇಂಗಾಲವಿರುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾದಾಗ ಲೋಹ ಗಾಮಾ ರೂಪಕ್ಕೆ ಹೋಗಿ ಇಂಗಾಲವನ್ನೆಲ್ಲ ಒಳಗೆ ಕರಗಿಸಿಕೊಳ್ಳುತ್ತದೆ. ಆ ಸ್ಥಿತಿ ಬಂದಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ: ಗಾಮಾ ರೂಪಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಬಣ್ಣ ನೋಡಿಯೇ ಹೇಳಬಲ್ಲ ಅನುಭವಿಗಳಿಗೆ ಆಯಸ್ಕಾಂತದ ಅಗತ್ಯವಿಲ್ಲ ಎಂಬುದು ಬೇರೆ ಮಾತು. ಈಗ ಅದನ್ನು ನಿಧಾನವಾಗಿ ಆರಲು ಬಿಟ್ಟರೆ ಇಂಗಾಲ ಹೊರಬಂದು ಬೇರೆ ಕಣಗಳಾಗಿ ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಹೊರಬರಲು ಇಂಗಾಲಕ್ಕೆ ಸಮಯ ಸಿಗುವುದಿಲ್ಲ. ಲೋಹ ಆಲ್ಫಾ ರೂಪಕ್ಕೆ ಮರಳಲು ಹೊರಡುತ್ತದೆ, ಒಳಗೆ ಸಿಕ್ಕಿಬಿದ್ದ ಇಂಗಾಲ ಅದನ್ನು ಪೂರ್ತಿ ಮರಳಲು ಬಿಡುವುದಿಲ್ಲ, ಹಿಗ್ಗಿ ಬಿಗಿದ ಒಂದು ಜೋಡಣೆಯಲ್ಲಿ ಅದು ನಿಂತುಬಿಡುತ್ತದೆ. ಮಾರ್ಟೆನ್ಸೈಟ್ ಎಂದು ಕರೆಯುವ ಆ ಸ್ಥಿತಿ ಬಹಳ ಗಟ್ಟಿ, ಅಷ್ಟೇ ಪೆಡಸು. ಆದ್ದರಿಂದ ಅಲಗನ್ನು ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಉಜ್ಜಿದ ಅಲಗಿನ ಮೇಲೆ ಮೊದಲು ಒಣಹುಲ್ಲಿನ ಹಳದಿ ಬಣ್ಣ ಮೂಡುತ್ತದೆ, ಅದು 220 ಡಿಗ್ರಿ ದಾಟಿದಾಗ. ಇನ್ನೂ ಬಿಟ್ಟರೆ ಕಂದು, ನೇರಳೆ, 300ರ ಹತ್ತಿರ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕೆಂಬುದು ಆ ಹತ್ಯಾರಿನ ಕೆಲಸವನ್ನು ಅವಲಂಬಿಸಿರುತ್ತದೆ.

ಕಟ್ಟಡಕ್ಕೆ ಬಳಸುವ ಸಾಧಾರಣ ಸರಳನ್ನು ಎಷ್ಟು ಕಾಯಿಸಿ ಅದ್ದಿದರೂ ಈ ಗಟ್ಟಿತನ ಬರುವುದಿಲ್ಲ, ಅದರಲ್ಲಿ ಇಂಗಾಲ ಕಡಿಮೆ. ಕಬ್ಬಿಣಕ್ಕೆ ಎರಡು ರೂಪಗಳಿರದಿದ್ದರೆ ಕಾಯಿಸಿ ಅದ್ದಿ ಹದ ಮಾಡುವ ವಿದ್ಯೆಯೇ ಇರುತ್ತಿರಲಿಲ್ಲ.

ಅಡುಗೆಮನೆಗೆ ಬರುವುದಾದರೆ, ಒಂದು ಆಯಸ್ಕಾಂತ ತೆಗೆದುಕೊಂಡು ಸ್ಟೀಲ್ ಪಾತ್ರೆಗಳಿಗೆ ಹಿಡಿದು ನೋಡಲು ಮಕ್ಕಳಿಗೆ ಹೇಳಿ. ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುವ ಉಕ್ಕಿನಲ್ಲಿ ಗಾಮಾ ಜೋಡಣೆ ಕೋಣೆಯ ತಾಪದಲ್ಲೂ ಉಳಿದಿರುತ್ತದೆ, ಆದ್ದರಿಂದ ಅದಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಇಂಡಕ್ಷನ್ ಒಲೆಗೆಂದು ಮಾಡಿದ ಪಾತ್ರೆಯ ತಳಕ್ಕೆ ಅಂಟುತ್ತದೆ, ಅಲ್ಲಿ ಆಲ್ಫಾ ಜೋಡಣೆಯ ಉಕ್ಕನ್ನು ಬೇಕೆಂದೇ ಕೂರಿಸಿರುತ್ತಾರೆ. ಎಲ್ಲಿಯೂ ಅಂಟದ ಲೋಟವೊಂದು ಸಿಕ್ಕರೆ ಅದರ ಮಡಿಸಿದ ಅಂಚಿಗೆ ಆಯಸ್ಕಾಂತವನ್ನು ಮೆಲ್ಲಗೆ ತಾಗಿಸಿ ನೋಡಿ, ಕೆಲವು ಲೋಟಗಳಲ್ಲಿ ಅಲ್ಲಿ ಮಾತ್ರ ತುಸು ಸೆಳೆತ ಗೊತ್ತಾಗುತ್ತದೆ. ಬಾಗಿಸುವಾಗ ಬಿದ್ದ ಒತ್ತಡಕ್ಕೆ ಆ ಅಂಚಿನ ಒಂದಿಷ್ಟು ಭಾಗ ತನ್ನ ರೂಪ ಬದಲಿಸಿರುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್:

ಭದ್ರಾವತಿಯ ಹಿರಿಯರ ಮಾತಿಗೆ ಒಂದು ಆಕ್ಷೇಪಣೆಯನ್ನು ಗೌರವದಿಂದಲೇ ಇಡುತ್ತೇನೆ. ಬಹುರೂಪತೆ ಎಂಬುದು ಧಾತುವಿಗೆ ಸಂಬಂಧಿಸಿದ ಮಾತು. ಸ್ಟೇನ್‌ಲೆಸ್ ಸ್ಟೀಲ್ ಮಿಶ್ರಲೋಹ, ಮಾರ್ಟೆನ್ಸೈಟ್‌ನಲ್ಲಿಯೂ ಇಂಗಾಲ ಸೇರಿದೆ. ಇವನ್ನು ಬಹುರೂಪಗಳೆಂದು ಪರೀಕ್ಷೆಯಲ್ಲಿ ಬರೆದರೆ ತಪ್ಪಾಗುವುದಿಲ್ಲವೇ?

ಉಕ್ಕಿನ ಉಷ್ಣ ಸಂಸ್ಕರಣೆಯಲ್ಲಿ ಕೆಲಸ ಮಾಡಿದವನು, ಭದ್ರಾವತಿ:

ನಿಮ್ಮ ಆಕ್ಷೇಪಣೆ ಸರಿಯಾದದ್ದೇ ತಂಗಿ, ಪರೀಕ್ಷೆಯ ಮಟ್ಟಿಗೆ ಅದನ್ನು ಪಾಲಿಸಬೇಕು. ಕಬ್ಬಿಣದ ಬಹುರೂಪಗಳೆಂದರೆ ಆಲ್ಫಾ, ಗಾಮಾ, ಡೆಲ್ಟಾ, ಮತ್ತು ಬಹಳ ಹೆಚ್ಚಿನ ಒತ್ತಡದಲ್ಲಿ ಸಿಗುವ ಇನ್ನೊಂದು. ಮಾರ್ಟೆನ್ಸೈಟ್ ಬಹುರೂಪವಲ್ಲ, ಬಹುರೂಪತೆಯ ಫಲ. ಸ್ಟೇನ್‌ಲೆಸ್ ಪಾತ್ರೆಯೂ ಹಾಗೆಯೇ: ಕಬ್ಬಿಣಕ್ಕೆ ಆ ಎರಡು ಜೋಡಣೆಗಳು ಸಾಧ್ಯವಿರುವುದರಿಂದ ನಿಕ್ಕಲ್ ಒಂದನ್ನು ಹಿಡಿದು ನಿಲ್ಲಿಸಬಲ್ಲದು. ಧಾತುವಿನ ಗುಣ ಮಿಶ್ರಲೋಹದಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇವು ಉದಾಹರಣೆಗಳು ಎಂದು ಹೇಳಿದರೆ ಯಾರೂ ತಕರಾರು ಮಾಡಲಾರರು.

ಟೈರ್ ಉದ್ಯಮದಲ್ಲಿರುವವನು, ಮೈಸೂರು:

ಗಂಧಕದ ಬಗ್ಗೆ ನನ್ನದೊಂದು ಮಾತು. ಶಾಲೆಯಲ್ಲಿ ಕರಗಿದ ಗಂಧಕವನ್ನು ತಣ್ಣೀರಿಗೆ ಸುರಿದು, ರಬ್ಬರಿನಂತೆ ಎಳೆಯಬಹುದಾದ ಪ್ಲಾಸ್ಟಿಕ್ ಗಂಧಕವನ್ನು ತೋರಿಸುತ್ತಾರೆ. ಅದು ಬರೀ ಪ್ರದರ್ಶನದ ವಸ್ತು ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಅದೇ ಜಾತಿಯ ಗಂಧಕ ನಿಮ್ಮ ಗಾಡಿಯ ಟೈರಿನ ತಯಾರಿಕೆಗೆ ಬೇಕೇ ಬೇಕು.

ಅಂಗಡಿಯಲ್ಲಿ ಸಿಗುವ ಹಳದಿ ಗಂಧಕದಲ್ಲಿ ಎಂಟೆಂಟು ಪರಮಾಣುಗಳ ಉಂಗುರಗಳಿರುತ್ತವೆ. 95 ಡಿಗ್ರಿ ದಾಟಿದಾಗ ಅವೇ ಉಂಗುರಗಳು ಇನ್ನೊಂದು ರೀತಿಯ ಸ್ಫಟಿಕವಾಗಿ ಜೋಡಣೆಗೊಳ್ಳುತ್ತವೆ, ಕರಗಿದ ಮೇಲೆ 159 ಡಿಗ್ರಿಯ ಹತ್ತಿರ ಉಂಗುರಗಳು ಬಿಚ್ಚಿಕೊಂಡು ಉದ್ದನೆಯ ಸರಪಳಿಗಳಾಗುತ್ತವೆ. ನೀರಿನಂತೆ ಹರಿಯುತ್ತಿದ್ದ ಗಂಧಕ ಆಗ ಇದ್ದಕ್ಕಿದ್ದಂತೆ ಕಾಕಂಬಿಗಿಂತ ಮಂದವಾಗುತ್ತದೆ. ರಬ್ಬರನ್ನು ಗಟ್ಟಿಗೊಳಿಸಲು ಗಂಧಕ ಬೆರೆಸುವುದು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಾಗಿನಿಂದ ನಡೆದುಬಂದದ್ದು. ಉಂಗುರ ರೂಪದ ಗಂಧಕವನ್ನೇ ಹೆಚ್ಚು ಪ್ರಮಾಣದಲ್ಲಿ ಹಾಕಿದರೆ ಬೆರೆಸುವಾಗಿನ ಬಿಸಿಗೆ ಅದು ರಬ್ಬರಿನಲ್ಲಿ ಕರಗುತ್ತದೆ, ಆರಿದ ಮೇಲೆ ಹೆಚ್ಚಾದದ್ದು ಮೇಲಕ್ಕೆ ಬಂದು ಪುಡಿಯಾಗಿ ಕೂರುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಬ್ಲೂಮ್ ಎನ್ನುತ್ತೇವೆ. ಬ್ಲೂಮ್ ಬಂದ ಹಾಳೆ ಇನ್ನೊಂದು ಹಾಳೆಗೆ ಸರಿಯಾಗಿ ಅಂಟುವುದಿಲ್ಲ, ಟೈರಾದರೋ ಪದರಗಳನ್ನು ಅಂಟಿಸಿ ಕಟ್ಟುವಂಥದ್ದು. ಸರಪಳಿ ರೂಪದ ಗಂಧಕ ರಬ್ಬರಿನಲ್ಲಿ ಕರಗುವುದೇ ಇಲ್ಲ, ಕಣಕಣವಾಗಿ ಹಾಕಿದಲ್ಲೇ ಇರುತ್ತದೆ. ಈ ರೂಪ ಉಳಿಯಬೇಕಾದರೆ ಬೆರೆಸುವ ಹಂತದಲ್ಲಿ ತಾಪ ನೂರು ಡಿಗ್ರಿಯ ಸುತ್ತಮುತ್ತಲೇ ಇರುವಂತೆ ಕಾವಲು ಕಾಯಬೇಕು. ಆಮೇಲೆ ಅಚ್ಚಿನಲ್ಲಿಟ್ಟು 150 ಡಿಗ್ರಿ ದಾಟಿಸಿದಾಗ ಸರಪಳಿಗಳು ಮತ್ತೆ ಉಂಗುರಗಳಾಗಿ, ಕರಗಿ, ರಬ್ಬರನ್ನು ಬೆಸೆಯುತ್ತವೆ. ಉಪನ್ಯಾಸಕರು ಹೇಳಿದ ಕೆರೆಯ ಏರಿಯನ್ನು ನಾವು ಬೇಕಾದಷ್ಟು ಹೊತ್ತು ಕಾಪಾಡಿಕೊಂಡು, ಸಮಯ ನೋಡಿ ನಾವೇ ಒಡೆಯುತ್ತೇವೆ.

ಟೈರಿಗೆ ಇನ್ನೊಂದು ಬಹುರೂಪ ಶತ್ರುವೂ ಹೌದು. ಆಮ್ಲಜನಕದ ಮೂರು ಪರಮಾಣುಗಳ ಓಝೋನ್, ಹಿಗ್ಗಿದ ರಬ್ಬರಿನ ದ್ವಿಬಂಧಗಳನ್ನು ಕತ್ತರಿಸುತ್ತದೆ. ಬಹುಕಾಲ ನಿಲ್ಲಿಸಿಟ್ಟ ಗಾಡಿಯ ಟೈರಿನ ಪಕ್ಕದಲ್ಲಿ ಕಾಣುವ ಸಣ್ಣ ಸೀಳುಗಳಲ್ಲಿ ಅದರ ಪಾಲು ದೊಡ್ಡದು. ತಡೆಯಲೆಂದು ಮೇಣವನ್ನೂ ಓಝೋನ್ ನಿರೋಧಕ ರಾಸಾಯನಿಕವನ್ನೂ ರಬ್ಬರಿಗೆ ಸೇರಿಸಿರುತ್ತೇವೆ, ಅವು ನಿಧಾನವಾಗಿ ಮೇಲಕ್ಕೆ ಬರುತ್ತವೆ. ಹೊಸ ಟೈರಿನ ಪಕ್ಕ ಕೆಲವು ತಿಂಗಳಲ್ಲಿ ಕಂದಾಗುವುದು ಈ ಕಾರಣಕ್ಕೆ, ಅದನ್ನು ಕೊಳೆ ಎಂದು ಸೋಪು ಹಾಕಿ ತಿಕ್ಕಬೇಡಿ.

ಮಿಕ್ಸಿ ಹಾಗೂ ಮೋಟಾರ್ ರಿಪೇರಿ, ಹುಬ್ಬಳ್ಳಿ:

ನಾನು ರಸಾಯನಶಾಸ್ತ್ರ ಓದಿದವನಲ್ಲ, ಆದರೆ ಗ್ರಾಫೈಟ್ ಜೊತೆ ದಿನವೂ ಕೆಲಸ. ಮಿಕ್ಸಿಯ ಮೋಟಾರಿನಲ್ಲಿ ತಿರುಗುವ ತಾಮ್ರದ ಉಂಗುರಕ್ಕೆ ಎರಡೂ ಕಡೆಯಿಂದ ಒತ್ತಿಕೊಂಡಿರುವ ಚಿಕ್ಕ ಕಪ್ಪು ತುಂಡುಗಳನ್ನು ಗಿರಾಕಿಗಳು ಕಾರ್ಬನ್ ಎನ್ನುತ್ತಾರೆ. ತಿರುಗುವ ಭಾಗಕ್ಕೆ ಕರೆಂಟು ದಾಟಿಸಬೇಕು, ಹಾಗೆಯೇ ತಾಮ್ರವನ್ನು ಸವೆಸಬಾರದು, ಎರಡನ್ನೂ ಒಟ್ಟಿಗೆ ಮಾಡುವ ವಸ್ತು ಅದೊಂದೇ. ಸವೆದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತಡ ಸಾಲದೆ ಕಿಡಿ ಹೆಚ್ಚುತ್ತದೆ, ಆಗ ಒಂದು ತೀಕ್ಷ್ಣ ವಾಸನೆಯೂ ಬರುತ್ತದೆ. ಇಷ್ಟು ಮೆತ್ತಗಿರುವ ವಸ್ತು ಅಷ್ಟು ವೇಗದಲ್ಲಿ ಉಜ್ಜಿಸಿಕೊಂಡೂ ಇಷ್ಟು ಕಾಲ ಬಾಳುವುದು ಹೇಗೆ ಎಂದು ತಿಳಿದವರು ಹೇಳಬೇಕು.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ:

ಹಾಳೆಗಳು ಒಂದರ ಮೇಲೊಂದು ಜಾರುತ್ತವೆ ಎಂಬುದು ಪುಸ್ತಕದ ಉತ್ತರ, ಆದರೆ ಅದು ಅರ್ಧ ಮಾತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರದಲ್ಲಿ ಹಾರುವ ವಿಮಾನಗಳ ಜನರೇಟರುಗಳಲ್ಲಿ ನೀವು ಹೇಳುವ ಇದೇ ಕಾರ್ಬನ್ ತುಂಡುಗಳು ಸ್ವಲ್ಪ ಹೊತ್ತಿನಲ್ಲೇ ಪುಡಿಯಾಗಿಬಿಡುತ್ತಿದ್ದವು. ಹುಡುಕಿದಾಗ ತಿಳಿದದ್ದು, ಅಲ್ಲಿನ ಗಾಳಿಯಲ್ಲಿ ನೀರಿನ ಆವಿ ಸಾಲುತ್ತಿರಲಿಲ್ಲ ಎಂದು. ಗ್ರಾಫೈಟಿನ ಹಾಳೆಯ ಅಂಚುಗಳಲ್ಲಿ ಬಂಧವಿಲ್ಲದ ಪರಮಾಣುಗಳಿರುತ್ತವೆ, ನೀರಿನ ಆವಿ ಅವುಗಳ ಮೇಲೆ ಕೂತು ಹಿಡಿತವನ್ನು ತಗ್ಗಿಸುತ್ತದೆ. ಆವಿ ಇಲ್ಲದ ಕಡೆ, ಎಂದರೆ ನಿರ್ವಾತದಲ್ಲಿ, ಗ್ರಾಫೈಟ್ ಒಳ್ಳೆಯ ಕೀಲೆಣ್ಣೆಯ ಕೆಲಸ ಮಾಡುವುದಿಲ್ಲ. ಹುಬ್ಬಳ್ಳಿಯ ಗಾಳಿಯಲ್ಲಿ ನಿಮಗೆ ಆ ತೊಂದರೆಯಿಲ್ಲ. ನೀವು ಹೇಳಿದ ತೀಕ್ಷ್ಣ ವಾಸನೆಯಲ್ಲಿ ಕಿಡಿಯಿಂದ ಹುಟ್ಟಿದ ಓಝೋನ್ ಕೂಡ ಇರುತ್ತದೆ.

ಇಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲಿ ಅದೇ ದುರ್ಬಲ ಹಿಡಿತ ಇನ್ನೊಂದು ಕೆಲಸ ಮಾಡುತ್ತದೆ. ಚಾರ್ಜ್ ಮಾಡುವಾಗ ಲಿಥಿಯಂ ಗ್ರಾಫೈಟಿನ ಹಾಳೆಗಳ ನಡುವೆ ಹೋಗಿ ಸೇರುತ್ತದೆ, ಆರು ಇಂಗಾಲಕ್ಕೆ ಒಂದು ಲಿಥಿಯಂ ಎಂಬ ಲೆಕ್ಕದಲ್ಲಿ. ಆಗ ಹಾಳೆಗಳ ಅಂತರ 3.35 ಆಂಗ್‌ಸ್ಟ್ರಾಂನಿಂದ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಸುಮಾರು 3.7ಕ್ಕೆ ಹಿಗ್ಗುತ್ತದೆ. ವಜ್ರದೊಳಗೆ ಲಿಥಿಯಂಗೆ ಹೀಗೆ ಜಾಗ ಸಿಗುವುದಿಲ್ಲ.

ಉಕ್ಕಿನ ಉಷ್ಣ ಸಂಸ್ಕರಣೆಯಲ್ಲಿ ಕೆಲಸ ಮಾಡಿದವನು, ಭದ್ರಾವತಿ:

ರಿಪೇರಿಯವರು ಮತ್ತು ಟೈಲ್ಸ್ ಕೆಲಸದವರಿಗೆ ಉಪಯೋಗವಾಗುವ ಒಂದು ಮಾತು ಸೇರಿಸುತ್ತೇನೆ. ಗ್ರಾನೈಟ್, ಟೈಲ್ಸ್ ಕತ್ತರಿಸುವ ಬ್ಲೇಡಿನ ಅಂಚಿನಲ್ಲಿ ಕೃತಕ ವಜ್ರದ ಕಣಗಳಿವೆ. 1954ರಲ್ಲಿ ಅಮೆರಿಕದ ಜನರಲ್ ಇಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಜ್ರ ತಯಾರಿಸಿದ ಮೇಲೆ ಅದು ಇಷ್ಟು ಅಗ್ಗವಾಗಿ ಕೈಗೆ ಬಂತು. ಅದೇ ಬ್ಲೇಡನ್ನು ಕಬ್ಬಿಣದ ಸರಳಿಗೆ ಹಾಕಬೇಡಿ. ಬಿಸಿಯಾದ ಕಬ್ಬಿಣ ಇಂಗಾಲವನ್ನು ಕರಗಿಸಿಕೊಳ್ಳುತ್ತದೆ ಎಂದು ಮೇಲೆ ಹೇಳಿದೆನಲ್ಲ, ವಜ್ರವೂ ಇಂಗಾಲವೇ, ಕಣಗಳು ಬೇಗ ಸವೆದು ಹೋಗುತ್ತವೆ. ಉಕ್ಕನ್ನು ಉಜ್ಜಲು ವಜ್ರದ ಬದಲು ಇಂಗಾಲವಿಲ್ಲದ ಗಟ್ಟಿ ವಸ್ತುವಾದ ಬೋರಾನ್ ನೈಟ್ರೈಡ್ ಬಳಸುವುದು ಇದೇ ಕಾರಣಕ್ಕೆ. ಬೋರ್‌ವೆಲ್ ಕೊರೆಯುವ ತಲೆಯಲ್ಲೂ ವಜ್ರವಿದೆ ಎಂದು ಹಲವರು ನಂಬಿದ್ದಾರೆ, ನಮ್ಮ ಕಡೆ ಸಾಮಾನ್ಯವಾಗಿ ಬಳಸುವ ಬಿಟ್‌ಗಳಲ್ಲಿ ಇರುವುದು ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳು.

ಬೀದರ್‌ನ ಓದುಗ:

ನಮ್ಮ ಮನೆಯಲ್ಲಿ ಹಿತ್ತಾಳೆ ಹಂಡೆ, ಪಾತೇಲಿಗಳಿಗೆ ಈಗಲೂ ಕಲಾಯಿ, ಎಂದರೆ ತವರದ ಲೇಪ, ಹಾಕಿಸುತ್ತೇವೆ. ತವರ 13 ಡಿಗ್ರಿಗಿಂತ ತಣ್ಣಗಾದರೆ ಬೂದಿಯಾಗಿ ಉದುರುತ್ತದೆ, ನೆಪೋಲಿಯನ್ನನ ಸೈನಿಕರ ಅಂಗಿಯ ತವರದ ಗುಂಡಿಗಳು ಹಾಗೆಯೇ ಉದುರಿ ಅವರು ರಷ್ಯಾದ ಚಳಿಗೆ ಸತ್ತರು ಎಂದು ಓದಿದೆ. ಚಳಿಗಾಲದ ರಾತ್ರಿ ನಮ್ಮಲ್ಲಿ 13 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಕಲಾಯಿ ಏಕೆ ಉದುರುವುದಿಲ್ಲ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ:

13.2 ಡಿಗ್ರಿ ಎಂಬುದು ಗಡಿ, ಅದರ ಕೆಳಗೆ ನಾವು ಬಳಸುವ ಹೊಳೆಯುವ ಬಿಳಿ ತವರಕ್ಕಿಂತ ಪುಡಿಯಾಗುವ ಬೂದು ತವರ ಹೆಚ್ಚು ಸ್ಥಿರವಾದ ರೂಪ. ಆ ಗಡಿ ದಾಟಿದ ತಕ್ಷಣ ಬದಲಾವಣೆ ನಡೆಯುವುದಿಲ್ಲ. ಬಿಳಿ ತವರದ ಸಾಂದ್ರತೆ 7.3, ಬೂದು ತವರದ್ದು 5.8, ಎಂದರೆ ರೂಪ ಬದಲಾಗುವಾಗ ಗಾತ್ರ ಕಾಲುಭಾಗಕ್ಕಿಂತ ಹೆಚ್ಚು ಹಿಗ್ಗಬೇಕು. ಗಟ್ಟಿ ಲೋಹದೊಳಗೆ ಅಷ್ಟು ಹಿಗ್ಗಲು ಎಡೆ ಸಿಗುವುದು ಕಷ್ಟ, ಆದ್ದರಿಂದ ಬದಲಾವಣೆಗೆ ವೇಗ ಬರುವುದು ಸೊನ್ನೆಗಿಂತ ಮೂವತ್ತು ಡಿಗ್ರಿಯಷ್ಟು ಕೆಳಗೆ ಇಳಿದಾಗ, ಅದೂ ಬಹಳ ಕಾಲ ಅಲ್ಲೇ ಇದ್ದಾಗ. ಅಲ್ಪ ಪ್ರಮಾಣದ ಸೀಸ, ಆಂಟಿಮನಿ, ಬಿಸ್ಮತ್ ಕೂಡ ಅದನ್ನು ತಡೆಯುತ್ತವೆ. ಚಳಿ ದೇಶಗಳ ಚರ್ಚುಗಳಲ್ಲಿ ಆರ್ಗನ್ ವಾದ್ಯದ ತವರದ ಕೊಳವೆಗಳು ಹೀಗೆ ಹಾಳಾದದ್ದು ನಿಜ. ನೆಪೋಲಿಯನ್ನನ ಗುಂಡಿಗಳ ಕಥೆಗೆ ಮಾತ್ರ ಗಟ್ಟಿ ಪುರಾವೆಯಿಲ್ಲ, ಅದನ್ನು ತರಗತಿಯಲ್ಲಿ ಇತಿಹಾಸವೆಂದು ಹೇಳದಿರುವುದು ಲೇಸು.

ನಿಮ್ಮ ಕಲಾಯಿಗೆ ಅಪಾಯ ಇರುವುದು ಚಳಿಯಿಂದಲ್ಲ, ಬಿಸಿಯಿಂದ. ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿಯವರು ಕಾದ ಪಾತ್ರೆಗೆ ನವಸಾಗರ ಉದುರಿಸಿದಾಗ ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕಿಲುಬು ಬಿಡುತ್ತದೆ, ಆಗ ತವರದ ಕಡ್ಡಿಯನ್ನು ತಾಗಿಸಿ ಹತ್ತಿಯಿಂದ ಒರೆಸುತ್ತ ಹರಡುತ್ತಾರೆ. ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಅದೇ ತವರ ಮತ್ತೆ ಕರಗಿ ಗಂಟುಗಟ್ಟುತ್ತದೆ. ಹಾಕಿಸುವಾಗ ಸೀಸ ಬೆರೆಸದ ಶುದ್ಧ ತವರವನ್ನೇ ಕೇಳಿ, ಸೀಸ ತವರವನ್ನು ಉಳಿಸೀತು, ಆದರೆ ಅನ್ನಕ್ಕೆ ಸೇರಿದರೆ ಅದು ವಿಷ.

ನೀರು ಶುದ್ಧೀಕರಣ ಘಟಕದ ರಸಾಯನಜ್ಞೆ, ತುಮಕೂರು:

ಓಝೋನ್ ಪ್ರಸ್ತಾಪ ಬಂದದ್ದರಿಂದ ಎರಡು ಮಾತು. ಬಾಟಲಿ ನೀರಿನ ಅನೇಕ ಘಟಕಗಳಲ್ಲಿ ಕೊನೆಯ ಹಂತದಲ್ಲಿ ಓಝೋನ್ ಹಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತೇವೆ. ಅದನ್ನು ಸಿಲಿಂಡರಿನಲ್ಲಿ ತುಂಬಿ ತರಿಸಲು ಬರುವುದಿಲ್ಲ, ತಾನಾಗಿ ಮಾಮೂಲಿ ಆಮ್ಲಜನಕಕ್ಕೆ ಮರಳುತ್ತದೆ. ಆದ್ದರಿಂದ ವಿದ್ಯುತ್ ವಿಸರ್ಜನೆಯಿಂದ ಸ್ಥಳದಲ್ಲೇ ತಯಾರಿಸಬೇಕು, ಈ ಸಾಧನವನ್ನು ಜರ್ಮನಿಯ ವರ್ನರ್ ಸೀಮೆನ್ಸ್ 1857ರಲ್ಲೇ ಮಾಡಿದ್ದ. ಮರಳಿ ಹೋಗುವ ಆ ಗುಣವೇ ಇಲ್ಲಿ ಅನುಕೂಲ, ಕ್ಲೋರಿನ್‌ನಂತೆ ರುಚಿ ಉಳಿಯುವುದಿಲ್ಲ. ಆದರೆ ಮನೆಯೊಳಗೆ ಗಾಳಿ ಶುದ್ಧ ಮಾಡುತ್ತದೆಂದು ಓಝೋನ್ ಉಗುಳುವ ಯಂತ್ರಗಳನ್ನು ಕೊಳ್ಳಬೇಡಿ. ಮೇಲಿನ ವಾಯುಮಂಡಲದಲ್ಲಿ ನಮ್ಮನ್ನು ಕಾಯುವ ಅನಿಲ ಶ್ವಾಸಕೋಶಕ್ಕೆ ಹಾನಿಕರ, ನಮ್ಮ ರಾಷ್ಟ್ರೀಯ ಮಾನದಂಡದ ಪ್ರಕಾರ ಎಂಟು ಗಂಟೆಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು.

ನಮ್ಮ ಘಟಕದಲ್ಲೂ ಮನೆಯ ಆರ್‌ಓ ಯಂತ್ರದಲ್ಲೂ ಇರುವ ಇನ್ನೊಂದು ವಸ್ತು ಸಕ್ರಿಯ ಇದ್ದಿಲು. ತೆಂಗಿನ ಚಿಪ್ಪು ಸುಟ್ಟು ಬಂದ ಇದ್ದಿಲನ್ನು 800 ಡಿಗ್ರಿ ಮೀರಿದ ಹಬೆಯಲ್ಲಿ ಹಾಯಿಸಿ ಇದನ್ನು ಮಾಡುತ್ತಾರೆ, ತೆಂಗು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಚಿಪ್ಪಿಗೆ ಬರವಿಲ್ಲ. ಒಂದು ಗ್ರಾಂ ಇದ್ದಿಲಿನ ಒಳಮೈ ಸಾವಿರ ಚದರ ಮೀಟರಿನ ಆಸುಪಾಸು ಇರುತ್ತದೆ. ಶಾಲೆಯ ಪುಸ್ತಕಗಳು ಇದ್ದಿಲು, ಮಸಿಗಳನ್ನು ಅಸ್ಫಟಿಕ ಬಹುರೂಪವೆಂದು ಪಟ್ಟಿ ಮಾಡುತ್ತವೆ. ಹತ್ತಿರದಿಂದ ನೋಡಿದರೆ ಅವೂ ಗ್ರಾಫೈಟಿನ ಚೂರುಗಳೇ, ಆದರೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವಂಥವು. ಇಂಗ್ಲೆಂಡಿನ ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲಿ, ಕೆಲವು ಇದ್ದಿಲುಗಳು ಕಾಯಿಸಿದಾಗ ಗ್ರಾಫೈಟಾಗುತ್ತವೆ, ಇನ್ನು ಕೆಲವು 3000 ಡಿಗ್ರಿಗೆ ಕಾಯಿಸಿದರೂ ಆಗುವುದಿಲ್ಲ ಎಂದು ವಿಂಗಡಿಸಿ ತೋರಿಸಿದರು. ತೆಂಗಿನ ಚಿಪ್ಪಿನ ಇದ್ದಿಲು ಎರಡನೆಯ ಗುಂಪಿನದು. ಹಾಳೆಗಳು ಸಾಲಾಗಿ ಜೋಡಿಸಿಕೊಳ್ಳಲು ಬಿಡದ ಆ ಹೆಣಿಗೆಯಲ್ಲೇ ರಂಧ್ರಗಳು ಉಳಿಯುತ್ತವೆ, ನೀರಿನ ಕ್ಲೋರಿನ್ ಮತ್ತು ವಾಸನೆಯನ್ನು ಹಿಡಿಯುವುದು ಆ ರಂಧ್ರಗಳು.

ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇಷ್ಟನ್ನೂ ಒಂದೇ ತರಗತಿಯಲ್ಲಿ ಹೇಳಲಾಗದು, ಆದ್ದರಿಂದ ಬೆಂಕಿಪೊಟ್ಟಣ, ಸ್ಟೀಲ್ ಪಾತ್ರೆ ಮತ್ತು ಆಯಸ್ಕಾಂತ, ಮಿಕ್ಸಿಯ ಕಾರ್ಬನ್ ಇವು ಮೂರನ್ನು ಮೇಜಿನ ಮೇಲೆ ಇಟ್ಟು ಪಾಠ ಮಾಡಲು ನಿರ್ಧರಿಸಿದ್ದೇನೆ. ಪ್ರತಿಯೊಂದಕ್ಕೂ ಮಕ್ಕಳು ಎರಡು ಪ್ರಶ್ನೆ ಕೇಳಿಕೊಳ್ಳಲಿ: ಇಲ್ಲಿ ಧಾತುವಿನ ಯಾವ ರೂಪವಿದೆ, ಅದು ಬೇರೆ ರೂಪಕ್ಕೆ ಹೋಗದಂತೆ ತಡೆದಿರುವುದು ಯಾವುದು. ಗ್ರಾಫೈಟ್ ವಿದ್ಯುತ್ ವಾಹಕವೆಂದು ತೋರಿಸಲು ಮಕ್ಕಳೇ ಮಾಡಬಹುದಾದ ಸುರಕ್ಷಿತ ಪ್ರಯೋಗವಿದ್ದರೆ ತಿಳಿಸಿ.

ಮಿಕ್ಸಿ ಹಾಗೂ ಮೋಟಾರ್ ರಿಪೇರಿ, ಹುಬ್ಬಳ್ಳಿ:

ಮೇಡಂ, 6ಬಿ ಪೆನ್ಸಿಲಿನಿಂದ ಬಿಳಿ ಕಾಗದದ ಮೇಲೆ ಬೆರಳಗಲದ ಪಟ್ಟಿಯನ್ನು ಮೂರು ನಾಲ್ಕು ಸಲ ಒತ್ತಿ ತಿದ್ದಿ ಕಪ್ಪು ಮಾಡಿಸಿ. ಒಂಬತ್ತು ವೋಲ್ಟಿನ ಬ್ಯಾಟರಿಯ ಒಂದು ತುದಿಯ ತಂತಿಯನ್ನು ಪಟ್ಟಿಗೆ ತಾಗಿಸಿ, ಇನ್ನೊಂದನ್ನು ಎಲ್‌ಇಡಿಯ ಗಿಡ್ಡ ಕಾಲಿಗೆ ಕಟ್ಟಿ, ಎಲ್‌ಇಡಿಯ ಉದ್ದ ಕಾಲನ್ನು ಪಟ್ಟಿಯ ಮೇಲೆ ಇಡಿ. ಪಟ್ಟಿಗೆ ಹೋಗುವ ತಂತಿ ಬ್ಯಾಟರಿಯ ಧನ ತುದಿಯದ್ದಾಗಿರಬೇಕು. ಕಾಲನ್ನು ತಂತಿಯ ಹತ್ತಿರಕ್ಕೆ ಸರಿಸಿದಂತೆ ಬೆಳಕು ಹೆಚ್ಚುತ್ತದೆ, ದೂರ ಸರಿಸಿದರೆ ಮಂಕಾಗುತ್ತದೆ. ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಮಣ್ಣು ಹೆಚ್ಚು, ಬೆಳಕು ಕಾಣುವುದು ಕಷ್ಟ. ಕಾಲು ಮತ್ತು ತಂತಿ ಮಾತ್ರ ಒಂದಕ್ಕೊಂದು ನೇರವಾಗಿ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಬಿಡಿಸಿದ ಹಳೆಯ ಕಾರ್ಬನ್‌ಗಳು ನನ್ನ ಅಂಗಡಿಯಲ್ಲಿ ಬೇಕಾದಷ್ಟಿವೆ, ಆ ಕಡೆ ಬರುವವರ ಕೈಯಲ್ಲಿ ಶಾಲೆಗೆ ಕಳಿಸಿಕೊಡುತ್ತೇನೆ.